ಹಣಕ್ಕೆ ರಜೆಯಿಲ್ಲ, ಕಾವಲಿಗೇಕೆ ರಜೆ?

2024ರ ಅಕ್ಟೋಬರ್ 28, ಸೋಮವಾರ. ವಾರಾಂತ್ಯದ ರಜೆ ಮುಗಿಸಿ ಸಿಬ್ಬಂದಿ ಬಂದಾಗ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಗ್ರಾಹಕರು ಅಡವಿಟ್ಟಿದ್ದ ಸುಮಾರು 17.7 ಕಿಲೋ ಚಿನ್ನ ಇರಲಿಲ್ಲ. ಅದರ ಬೆಲೆ 13 ಕೋಟಿ ರೂಪಾಯಿಯ ಆಸುಪಾಸು. ಕಿಟಕಿಯ ಸರಳು ತೆಗೆದು ಒಳಹೊಕ್ಕವರು ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದಿದ್ದರು. ಹೋಗುವಾಗ ಚಿನ್ನದ ಜೊತೆಗೆ ಸಿಸಿಟಿವಿ ದೃಶ್ಯಗಳು ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ದಾವಣಗೆರೆ ಪೊಲೀಸರು ಐದು ತಿಂಗಳು ಬೆನ್ನುಬಿಡದೆ ಹುಡುಕಿ, 2025ರ ಮಾರ್ಚ್ ವೇಳೆಗೆ ಆರೋಪಿಗಳನ್ನು ಹಿಡಿದರು. ತಮಿಳುನಾಡಿನ ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಬಹುಪಾಲು ಚಿನ್ನವನ್ನು ಮೇಲೆತ್ತಿದರು. ನಮ್ಮ ಸೀಮೆಯ ನೂರಾರು ಮನೆಗಳಿಗೆ ಅದು ಹೋದ ಜೀವ ಬಂದ ಹಾಗೆ. ಆದರೆ ತನಿಖೆಯ ಈ ಯಶಸ್ಸನ್ನು ಮೆಚ್ಚಿಕೊಳ್ಳುತ್ತಲೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಅಲಾರಂ, ಕ್ಯಾಮೆರಾ, ಲಾಕರ್ ಎಲ್ಲವೂ ಇದ್ದ ಕಡೆ, ಕಳ್ಳತನ ಆಗಿದೆ ಎಂಬ ಸಂಗತಿ ಗೊತ್ತಾಗಲು ಸೋಮವಾರ ಬೆಳಿಗ್ಗೆಯವರೆಗೆ ಯಾಕೆ ಕಾಯಬೇಕಾಯಿತು?

ಇದಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ಜಗಳೂರಿನ ಆಚೆ, ಹೊಸಪೇಟೆಯಲ್ಲಿ ಕೇಂದ್ರ ಕಚೇರಿ ಇರುವ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನಲ್ಲಿ ಇನ್ನೊಂದು ಕನ್ನ ಬಿತ್ತು. ಈ ಸಲ ಸರಳು ಮುರಿಯಲಿಲ್ಲ, ಬೀಗ ಒಡೆಯಲಿಲ್ಲ. ಬ್ಯಾಂಕಿನ ಶಾಖೆಗಳಲ್ಲಿ ಗ್ರಾಹಕರು ಕೊಟ್ಟ ಆರ್‌ಟಿಜಿಎಸ್ ಮತ್ತು ನೆಫ್ಟ್ ಚಲನ್‌ಗಳೆಲ್ಲ ಒಂದು ಕಡತವಾಗಿ ಐಡಿಬಿಐ ಬ್ಯಾಂಕಿಗೆ ಹೋಗುವುದು ಅಲ್ಲಿನ ರೂಢಿ. 2025ರ ಜನವರಿ 10ರಂದು ಆ ಕಡತದೊಳಗೆ ಕೈಯಾಡಿಸಿದವರು ಹಣ ಪಡೆಯಬೇಕಾದವರ ಹೆಸರುಗಳನ್ನು ಹಾಗೆಯೇ ಬಿಟ್ಟು, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್‌ಗಳನ್ನು ಮಾತ್ರ ಬದಲಿಸಿದ್ದರು. ಸುಮಾರು 2.34 ಕೋಟಿ ರೂಪಾಯಿ ಉತ್ತರ ಭಾರತದ ಬೇರೆ ಬೇರೆ ರಾಜ್ಯಗಳ 25 ಖಾತೆಗಳಿಗೆ ಹರಿದುಹೋಯಿತು. ಹೆಸರು ಸರಿಯಿದ್ದರೂ ಹಣ ಬೇರೆಯವರಿಗೆ ಹೋಗುವುದು ಹೇಗೆಂದರೆ, ಈ ಪಾವತಿಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ. ಹಣ ಕಳಿಸುವವರು ಖಾತೆದಾರರ ಹೆಸರನ್ನು ಮೊದಲೇ ನೋಡಿಕೊಳ್ಳುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಿ ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿದ್ದು ಈ ಘಟನೆಗೆ ಹನ್ನೊಂದು ದಿನ ಮುಂಚೆಯಷ್ಟೇ. ಆದರೆ ಗ್ರಾಹಕ ಬರೆದುಕೊಟ್ಟದ್ದು ಸರಿಯಾಗಿಯೇ ಇದ್ದು, ಅದು ದಾರಿಯಲ್ಲಿ ಬದಲಾದರೆ ಆ ಸೌಲಭ್ಯವೂ ಕಾಯಲಾರದು. ಹಣ ಮುಟ್ಟಿಲ್ಲ ಎಂಬ ದೂರುಗಳು ಶಾಖೆಗಳಿಂದ ಬಂದು ಮೋಸ ಬಯಲಾದದ್ದು ಜನವರಿ 13ರಂದು.

ಎರಡೂ ಪ್ರಕರಣಗಳ ತಾರೀಖುಗಳನ್ನು ಕ್ಯಾಲೆಂಡರಿನ ಮೇಲಿಟ್ಟು ನೋಡಿ. ಜನವರಿ 10 ಶುಕ್ರವಾರ, 11 ಎರಡನೇ ಶನಿವಾರ, 13 ಸೋಮವಾರ. ಅಕ್ಟೋಬರ್ 26 ನಾಲ್ಕನೇ ಶನಿವಾರ, 28 ಸೋಮವಾರ. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ ಎಂಬುದು ನಮಗೆಲ್ಲ ಗೊತ್ತು, ಕಳ್ಳರಿಗೂ ಗೊತ್ತು. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋದದ್ದು 2018ರ ಆಗಸ್ಟ್‌ನಲ್ಲಿ. ಎಟಿಎಂ ವಹಿವಾಟಿಗೆ ಒಪ್ಪಿಗೆ ಕೊಡುವ ಯಂತ್ರದ ಜಾಗದಲ್ಲಿ ನಕಲಿ ವ್ಯವಸ್ಥೆಯೊಂದನ್ನು ಕೂರಿಸಿ, 28 ದೇಶಗಳ ಎಟಿಎಂಗಳಿಂದ ಹಣ ತೆಗೆದದ್ದು ಆ ತಿಂಗಳ 11ರಂದು. ಅಂದು ಎರಡನೇ ಶನಿವಾರ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕದ್ದವರು ಇನ್ನೂ ದೂರ ಯೋಚಿಸಿದ್ದರು. ಗುರುವಾರ ರಾತ್ರಿ ಕೆಲಸ ಶುರುಮಾಡಿದರೆ ಢಾಕಾಕ್ಕೆ ಶುಕ್ರವಾರ ಮತ್ತು ಶನಿವಾರ ರಜೆ, ನ್ಯೂಯಾರ್ಕಿಗೆ ಶನಿವಾರ ಮತ್ತು ಭಾನುವಾರ ರಜೆ, ಹಣ ಹೋಗಿ ಸೇರಿದ ಮನಿಲಾದಲ್ಲಿ ಸೋಮವಾರ ಚೀನೀ ಹೊಸವರ್ಷದ ರಜೆ. ನ್ಯಾಮತಿಯಿಂದ ಮನಿಲಾದವರೆಗೆ ಕೈಚಳಕ ಬೇರೆ ಬೇರೆ, ಲೆಕ್ಕಾಚಾರ ಮಾತ್ರ ಒಂದೇ. ಕದಿಯುವವರಿಗೆ ಬೇಕಾದದ್ದು ಯಾರೂ ನೋಡದ ಎರಡು ಮೂರು ದಿನ.

ಹಳೆಯ ಕಾಲದಲ್ಲಿ ರಜೆಯ ದಿನ ಹಣವೂ ವಿಶ್ರಮಿಸುತ್ತಿತ್ತು. ಬ್ಯಾಂಕಿನ ಬಾಗಿಲು ಹಾಕಿದರೆ ವಹಿವಾಟೂ ನಿಂತಿತು ಎಂದೇ ಅರ್ಥ. ಈಗ ಹಾಗಿಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ವರ್ಷದ ಅಷ್ಟೂ ದಿನ, ಹಗಲಿರುಳು ನಡೆಯುತ್ತವೆ. ಯುಪಿಐಗಂತೂ ರಜೆ ಎಂಬುದೇ ಇಲ್ಲ. ಇದು ಒಳ್ಳೆಯದೇ, ನಲ್ಲೂರಿನ ರೈತರು ಅಡಿಕೆ ಮಾರಿದ ಹಣಕ್ಕಾಗಿ ಸೋಮವಾರದವರೆಗೆ ಕಾಯಬೇಕಿಲ್ಲ. ಆದರೆ ಹಣ ಓಡುವ ದಾರಿಯನ್ನು ಇಪ್ಪತ್ನಾಲ್ಕು ಗಂಟೆಯೂ ತೆರೆದಿಟ್ಟ ನಾವು, ಆ ದಾರಿಯನ್ನು ನೋಡುವ ಕಣ್ಣುಗಳಿಗೆ ಹಳೆಯ ಕಚೇರಿ ವೇಳೆಯನ್ನೇ ಉಳಿಸಿದ್ದೇವೆ. ಕಂಪ್ಯೂಟರ್ ಕೊಂಡೆವು, ಸಾಫ್ಟ್‌ವೇರ್ ಕೊಂಡೆವು, ಫೈರ್‌ವಾಲ್ ಕೂಡ ಕೊಂಡೆವು. ಅವು ರಾತ್ರಿ ಏನು ಹೇಳುತ್ತಿವೆ ಎಂದು ಕೇಳಿಸಿಕೊಳ್ಳುವವರನ್ನು ನೇಮಿಸಲಿಲ್ಲ. ಒಂದು ಸಂಸ್ಥೆ ಎಷ್ಟು ಭದ್ರ ಎಂದು ತಿಳಿಯಬೇಕಾದರೆ ಅದು ಕೊಂಡ ಸಾಧನಗಳ ಪಟ್ಟಿ ನೋಡಿ ಪ್ರಯೋಜನವಿಲ್ಲ. ತಪ್ಪು ನಡೆದ ಹೊತ್ತಿಗೂ ಅದು ಯಾರದಾದರೂ ಕಣ್ಣಿಗೆ ಬಿದ್ದ ಹೊತ್ತಿಗೂ ನಡುವೆ ಎಷ್ಟು ಅಂತರ ಇದೆ ಎಂದು ನೋಡಬೇಕು. ಕೊಯ್ಲಿನ ಕಾಲದಲ್ಲಿ ಅಡಿಕೆ ಹರವಿದ ಕಣಕ್ಕೆ ಬೇಲಿ ಇದ್ದರೂ ರಾತ್ರಿ ಅಲ್ಲೊಬ್ಬರು ಮಲಗುತ್ತಾರೆ. ಬೇಲಿ ಕಳ್ಳನನ್ನು ತಡವಾಗಿಸುತ್ತದೆ ಅಷ್ಟೇ, ಕೂಗು ಹಾಕುವುದು ಮನುಷ್ಯನೇ ಎಂಬ ಅನುಭವ ಅದರ ಹಿಂದಿದೆ.

ಬೇಗ ಗೊತ್ತಾಗಬೇಕಾದರೆ ಮೊದಲು ದಾಖಲೆ ಉಳಿಯಬೇಕು. ನ್ಯಾಮತಿಯಲ್ಲಿ ಡಿವಿಆರ್ ಇದ್ದದ್ದು ಚಿನ್ನವಿದ್ದ ಕಟ್ಟಡದಲ್ಲೇ. ಚಿನ್ನ ಮುಟ್ಟಿದ ಕೈಗೆ ಸಾಕ್ಷಿಯೂ ಸಿಕ್ಕಿತು. ಢಾಕಾದಲ್ಲಿ ಹಣ ವರ್ಗಾವಣೆಯ ಸಂದೇಶಗಳನ್ನು ತಂತಾನೇ ಮುದ್ರಿಸುವ ಪ್ರಿಂಟರ್ ಒಂದಿತ್ತು. ಕಳ್ಳರು ಬಿಟ್ಟ ಕುತಂತ್ರಾಂಶ ಆ ಪ್ರಿಂಟರಿನ ಬಾಯಿ ಕಟ್ಟಿತು. ಯಂತ್ರ ಕೆಟ್ಟಿದೆ ಎಂದುಕೊಂಡ ಸಿಬ್ಬಂದಿ ಅದನ್ನು ಸರಿಪಡಿಸುವ ಹೊತ್ತಿಗೆ ಕೆಲಸ ಮುಗಿದಿತ್ತು. ಡಿವಿಆರ್ ಹೊತ್ತೊಯ್ಯುವುದಕ್ಕೂ ಪ್ರಿಂಟರ್ ನಿಲ್ಲಿಸುವುದಕ್ಕೂ ವ್ಯತ್ಯಾಸವಿಲ್ಲ. ಕಾಯಬೇಕಾದ ವಸ್ತು ಇರುವಲ್ಲೇ ಕಾವಲಿನ ದಾಖಲೆಯೂ ಇದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಈ ತತ್ವ ನಮ್ಮ ಸಹಕಾರ ಸಂಘಗಳಿಗೆ ಹೊಸದೇನಲ್ಲ. ಸದಸ್ಯರ ಕೈಗೆ ಪಾಸ್‌ಬುಕ್ ಕೊಡುವ ಪದ್ಧತಿಯ ಉದ್ದೇಶವೇ ಇದು: ಸಂಘದ ಲೆಡ್ಜರಿನಲ್ಲಿ ಇರುವ ಲೆಕ್ಕದ ಇನ್ನೊಂದು ಪ್ರತಿ ಸಂಘದ ಹೊರಗೆ, ಸಂಘದ ಯಾರೂ ತಿದ್ದಲಾಗದ ಕಡೆ ಇರಲಿ ಎಂಬುದು. ಕಂಪ್ಯೂಟರ್ ಬಂದ ಮೇಲೆ ಈ ಎರಡನೇ ಪ್ರತಿಯ ಮಹತ್ವವನ್ನು ನಾವು ಮರೆತೆವು. ಯಾರು ಯಾವಾಗ ಲಾಗಿನ್ ಆದರು, ಯಾವ ಕಡತ ತೆರೆದರು, ಏನು ಬದಲಿಸಿದರು ಎಂಬ ಲಾಗ್ ಅದೇ ಸರ್ವರಿನಲ್ಲಿ ಉಳಿದರೆ, ಒಳಗೆ ಬಂದವನು ಹೋಗುವಾಗ ಅದನ್ನು ಅಳಿಸಿಯೇ ಹೋಗುತ್ತಾನೆ. ಆ ಲಾಗ್ ಕ್ಷಣಕ್ಷಣಕ್ಕೂ ಬೇರೆ ಊರಿನ ಬೇರೆ ಯಂತ್ರಕ್ಕೆ ನಕಲಾಗಬೇಕು. ಸ್ಥಳೀಯ ಸಿಬ್ಬಂದಿಗೆ ಅಲ್ಲಿ ಓದುವ ಅವಕಾಶ ಇರಲಿ, ಅಳಿಸುವ ಅವಕಾಶ ಬೇಡ.

ತಪ್ಪು ನಡೆದದ್ದಕ್ಕೂ ಅದು ಗೊತ್ತಾದದ್ದಕ್ಕೂ ನಡುವಿನ ಅಂತರವನ್ನು ನಮ್ಮ ಕಾನೂನು ಪೂರ್ತಿಯಾಗಿ ಹಿಡಿದಿಲ್ಲ ಎಂಬುದನ್ನೂ ಗಮನಿಸಬೇಕು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ನಿಯಮ ಒಳ್ಳೆಯದು. ಆದರೆ ಆರು ಗಂಟೆಯ ಲೆಕ್ಕ ಶುರುವಾಗುವುದು ಗಮನಕ್ಕೆ ಬಂದಾಗಿನಿಂದ. ಶುಕ್ರವಾರ ಕಳೆದುಕೊಂಡದ್ದು ಸೋಮವಾರ ಗೊತ್ತಾದ ಸಂಸ್ಥೆ, ಸೋಮವಾರ ಮಧ್ಯಾಹ್ನ ವರದಿ ಕೊಟ್ಟರೆ ನಿಯಮ ಪಾಲಿಸಿದಂತೆಯೇ ಆಯಿತು. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಚೂರುಚೂರಾಗಿ ಸರಿದು ನಗದಾಗಿರುತ್ತದೆ. 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ ಎಂದು ಪೊಲೀಸರು ಮತ್ತೆ ಮತ್ತೆ ಹೇಳುವುದು ಇದೇ ಕಾರಣಕ್ಕೆ: ಹಣ ಇನ್ನೂ ಖಾತೆಯಲ್ಲಿರುವಾಗ ತಿಳಿದರೆ ತಡೆಹಿಡಿಯಬಹುದು, ಎಟಿಎಂನಿಂದ ಹೊರಬಿದ್ದ ಮೇಲೆ ಹುಡುಕಬೇಕಾದದ್ದು ಮನುಷ್ಯರನ್ನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಸೋಮವಾರದ ದೂರು ಅಂಥ ಬಾಗಿಲು.

ಹಾಗಾದರೆ ಶುಕ್ರವಾರ ಸಂಜೆಯೇ ತಿಳಿಯುವುದು ಹೇಗೆ? ಹೊಸಪೇಟೆಯ ಪ್ರಕರಣವನ್ನೇ ಇಟ್ಟುಕೊಂಡು ನೋಡಿದರೆ, ಬೇಕಾದದ್ದು ಅಂಥ ಅಪರೂಪದ ತಂತ್ರಜ್ಞಾನವೇನಲ್ಲ. ಯಾವುದೇ ಕಡತದಿಂದ ಗಣಿತದ ಸೂತ್ರವೊಂದರ ಮೂಲಕ ಹ್ಯಾಶ್ ಎಂಬ ಚಿಕ್ಕ ಸಂಕೇತವನ್ನು ತೆಗೆಯಬಹುದು. ಕಡತದ ಒಂದೇ ಒಂದು ಅಂಕಿ ಬದಲಾದರೂ ಆ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಕಡತ ತಯಾರಾದ ಕೂಡಲೇ ಈ ಸಂಕೇತ ತೆಗೆದು ಡಿಜಿಟಲ್ ಸಹಿ ಹಾಕಿ ಕಳಿಸಿದರೆ, ಹಣ ಪಾವತಿಸುವ ಬ್ಯಾಂಕು ತನಗೆ ಬಂದ ಕಡತದ ಸಂಕೇತವನ್ನು ಅದರೊಂದಿಗೆ ತಾಳೆ ನೋಡಬಹುದು. ತಾಳೆಯಾಗದಿದ್ದರೆ ಪಾವತಿ ನಿಲ್ಲುತ್ತದೆ. ಇನ್ನೊಂದು ಕ್ರಮ ಇನ್ನೂ ಸರಳ. ಪಾವತಿಯಾದ ಪಟ್ಟಿಯನ್ನು ಅಂದೇ ಸಂಜೆ ತರಿಸಿಕೊಂಡು, ಶಾಖೆಗಳು ಮೂಲದಲ್ಲಿ ಬರೆದ ಖಾತೆ ಸಂಖ್ಯೆಗಳ ಜೊತೆ ಕಂಪ್ಯೂಟರಿನಿಂದಲೇ ಹೋಲಿಸುವುದು. ಅದೂ ಕಡತ ತಯಾರಿಸಿದವರನ್ನು ಬಿಟ್ಟು ಬೇರೊಬ್ಬರ ಲಾಗಿನ್‌ನಿಂದ. ಕಚೇರಿ ಮುಗಿದ ಮೇಲೆ ಮತ್ತು ರಜೆಯ ದಿನ ದೊಡ್ಡ ಮೊತ್ತ ಹೊರಹೋಗದಂತೆ ಮಿತಿ ಹಾಕುವುದು, ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ರದ್ದು ಮಾಡುವುದು, ಬ್ಯಾಕಪ್‌ನ ಒಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡುವುದು, ಆ ಬ್ಯಾಕಪ್‌ನಿಂದ ವ್ಯವಸ್ಥೆಯನ್ನು ನಿಜಕ್ಕೂ ಮರಳಿ ಎಬ್ಬಿಸಲು ಆಗುತ್ತದೆಯೇ ಎಂದು ಆಗಾಗ ಮಾಡಿ ನೋಡುವುದು, ಇವೆಲ್ಲ ದಿನಚರಿಯ ಕೆಲಸಗಳು. ವ್ಯವಸ್ಥೆ ನಿರ್ವಹಣೆ ಎಂದರೆ ಇದೇ. ಇದಕ್ಕೆ ಮೆಚ್ಚುಗೆಯಾಗಲಿ ಪ್ರಚಾರವಾಗಲಿ ಸಿಗುವುದಿಲ್ಲ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಚನ್ನಗಿರಿಯ, ಹೊನ್ನಾಳಿಯ ಸಣ್ಣ ಸಂಘಗಳಿಗೆ ಯಾರು ಕನ್ನ ಹಾಕುತ್ತಾರೆ? ನಮ್ಮಲ್ಲಿ ಕದಿಯಲು ಅಂಥದ್ದೇನಿದೆ? ಈ ಮಾತಿಗೆ ಎರಡು ಉತ್ತರಗಳಿವೆ. ಇಂದಿನ ದಾಳಿಕೋರರು ಊರಿನ ಹೆಸರು ನೋಡಿ ಬರುವುದಿಲ್ಲ. ಅಪ್‌ಡೇಟ್ ಆಗದ ಸಾಫ್ಟ್‌ವೇರ್, ಬದಲಾಗದ ಪಾಸ್‌ವರ್ಡ್ ಎಲ್ಲಿವೆ ಎಂದು ಅವರ ಯಂತ್ರಗಳು ಜಗತ್ತಿನಾದ್ಯಂತ ತಡಕುತ್ತಿರುತ್ತವೆ. ಸಿಕ್ಕಿದ ಬಾಗಿಲು ಯಾರದೆಂದು ನೋಡುವುದು ಆಮೇಲೆ. ಎರಡನೆಯದಾಗಿ, ಸೊಸೈಟಿಯಲ್ಲಿ ಹಣಕ್ಕಿಂತ ಬೆಲೆಬಾಳುವ ವಸ್ತು ಸದಸ್ಯರ ಮಾಹಿತಿ. ಆಧಾರ್ ಪ್ರತಿ, ಪಹಣಿ, ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ, ಹೆಬ್ಬೆಟ್ಟಿನ ಗುರುತು, ಎಲ್ಲವೂ ಒಂದೇ ಕಡತದಲ್ಲಿ ಇರುತ್ತವೆ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿದ್ದ ಕ್ರಯಪತ್ರಗಳ ಪ್ರತಿಗಳಿಂದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಅಲ್ಲಿ ಒಟಿಪಿ ಬೇಕಾಗಲಿಲ್ಲ, ಪಿನ್ ಬೇಕಾಗಲಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳು ಬದಲಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಇಟ್ಟಿರುವುದು ಈ ನಷ್ಟದ ಸ್ವರೂಪವನ್ನು ಅರಿತೇ.

ಎರಡನೇ ಆಕ್ಷೇಪ ಖರ್ಚಿನದು. ಇದು ಪ್ರಾಮಾಣಿಕವಾದ ಆಕ್ಷೇಪ. ಕಾರ್ಯದರ್ಶಿ, ಗುಮಾಸ್ತ, ಒಬ್ಬ ಸಹಾಯಕ ಇರುವ ಗ್ರಾಮದ ಪತ್ತಿನ ಸಂಘ (ವಿಎಸ್ಎಸ್ಎನ್) ರಾತ್ರಿಪಾಳಿಯ ಭದ್ರತಾ ತಜ್ಞರನ್ನು ಎಲ್ಲಿಂದ ತರಬೇಕು? ರಿಸರ್ವ್ ಬ್ಯಾಂಕ್ ಕೂಡ ಈ ವಾಸ್ತವವನ್ನು ಒಪ್ಪಿದೆ. 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ವಹಿವಾಟಿನ ಆಳ ನೋಡಿ ನಾಲ್ಕು ಹಂತಗಳಾಗಿ ವಿಂಗಡಿಸಿ, ಸದಾ ಎಚ್ಚರವಿರುವ ಸೈಬರ್ ಕಾವಲು ಕೇಂದ್ರವನ್ನು ಮೇಲಿನ ಹಂತದವುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಜಿಲ್ಲಾ ಕೇಂದ್ರ ಬ್ಯಾಂಕುಗಳ ಮೇಲೆ ನಬಾರ್ಡ್ ಕಣ್ಣಿಟ್ಟಿದೆ. ಗ್ರಾಮದ ಪತ್ತಿನ ಸಂಘಗಳು ಬ್ಯಾಂಕಿಂಗ್ ಕಾನೂನಿನ ವ್ಯಾಪ್ತಿಗೇ ಬರುವುದಿಲ್ಲ. ಆದರೆ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಯ ಯೋಜನೆಯಡಿ ದೇಶದ 63,000 ಇಂಥ ಸಂಘಗಳನ್ನು ಒಂದೇ ತಂತ್ರಾಂಶದ ಮೂಲಕ ಜಿಲ್ಲಾ ಬ್ಯಾಂಕು ಮತ್ತು ನಬಾರ್ಡ್‌ಗೆ ಜೋಡಿಸಲು ಹೊರಟಿತು. ಹಳ್ಳಿಯ ಸಂಘಕ್ಕೆ ದೊಡ್ಡ ಬ್ಯಾಂಕಿನ ತಂತಿ ಬಂತು. ದೊಡ್ಡ ಬ್ಯಾಂಕಿನ ಕಾವಲು ಬರಲಿಲ್ಲ. ತಂತಿಗೆ ಸರ್ಕಾರ ಹಣ ಕೊಟ್ಟಿದೆ ಎಂದ ಮೇಲೆ ಕಾವಲಿಗೂ ಪಾಲು ಕೊಡಿ ಎಂದು ಕೇಳುವುದು ನ್ಯಾಯವೇ.

ಒಬ್ಬೊಬ್ಬರಿಗೂ ಆಗದಿದ್ದರೆ ಒಟ್ಟಾಗಿ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ. ಇದಕ್ಕೂ ಪ್ರತಿವಾದ ಇದೆ, ಅದು ತೂಕದ ಪ್ರತಿವಾದವೂ ಹೌದು. 2024ರ ಜುಲೈ 31ರಂದು ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸೇವಾದಾರ ಸಂಸ್ಥೆಯ ವ್ಯವಸ್ಥೆಯನ್ನು ರ‍್ಯಾನ್ಸಮ್‌ವೇರ್ ಬಾಧಿಸಿದಾಗ, ಅದನ್ನು ನೆಚ್ಚಿದ್ದ ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗಳು ಒಂದೇ ಏಟಿಗೆ ನಿಂತವು. ಅದೇ ತಿಂಗಳ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದು, ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ನಿಂತರು. ಎಲ್ಲರೂ ಒಬ್ಬರನ್ನೇ ನೆಚ್ಚಿದರೆ ಆ ಒಬ್ಬರ ತಪ್ಪು ಎಲ್ಲರ ತಪ್ಪಾಗುತ್ತದೆ ಎಂಬ ಮಾತು ನಿಜ. ಆದರೆ ಜುಲೈ 31ರ ಘಟನೆಯ ಉಳಿದರ್ಧವನ್ನೂ ನೋಡಬೇಕು. ಪಾವತಿ ಜಾಲವನ್ನು ನಡೆಸುವ ಎನ್‌ಪಿಸಿಐ ಆ ಸಂಸ್ಥೆಯ ಸಂಪರ್ಕವನ್ನು ತಡಮಾಡದೆ ಕತ್ತರಿಸಿತು. ಪರಿಶೀಲನೆಯ ನಂತರ ಮರುದಿನವೇ ಮತ್ತೆ ಜೋಡಿಸಿತು. ಮೇಲೆ ಕೂತು ನೋಡುವವರು ಇದ್ದದ್ದರಿಂದ ಕೇಡು ಹರಡಲಿಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಕಾವಲನ್ನು ಹಂಚಿಕೊಳ್ಳುವ ಬಗೆ. ಸೇವೆ ಕೊಡುವ ಕಂಪನಿಯೇ ತನ್ನ ಮೇಲಿನ ಕಾವಲುಗಾರನೂ ಆಗಬಾರದು. ಅಪ್‌ಡೇಟ್ ಬಂದರೆ ಮೊದಲು ಎರಡು ಮೂರು ಯಂತ್ರಗಳಿಗೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಬೇಕು. ಸೇವಾದಾರರೊಂದಿಗಿನ ಕರಾರಿನಲ್ಲಿ, ಏನಾದರೂ ಎಡವಟ್ಟಾದರೆ ಎಷ್ಟು ಗಂಟೆಯೊಳಗೆ ನಮಗೆ ತಿಳಿಸಬೇಕು ಎಂಬ ಸಾಲು ಇರಲೇಬೇಕು.

ಮೂರನೇ ಮಾತು ಹಿರಿಯರಿಂದ ಬರುತ್ತದೆ: ಈ ಗೊಂದಲವೇ ಬೇಡ, ಕಾಗದದ ಲೆಕ್ಕವೇ ಚೆನ್ನಾಗಿತ್ತು. ಕಾಗದದ ಕಾಲದ ಶಿಸ್ತಿನ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಮೋಸಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ 1997ರವರೆಗೆ ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲೇ, ಅಲ್ಲಿನ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಚಿನ್ನದ ಮೇಲೆ 62 ಕೋಟಿ ರೂಪಾಯಿಗೂ ಹೆಚ್ಚು ಸಾಲ ಕೊಟ್ಟ ಆರೋಪದ ಪ್ರಕರಣ 2014ರಲ್ಲಿ ಹೊರಬಂತು. ಅಲ್ಲಿ ಯಾವ ಹ್ಯಾಕರ್ ಇರಲಿಲ್ಲ. ಅಡವಿಟ್ಟ ಒಡವೆಯನ್ನು ಎರಡನೇ ಕಣ್ಣು ಸಕಾಲಕ್ಕೆ ನೋಡಿದ್ದರೆ ಮೊತ್ತ ಅಷ್ಟಕ್ಕೆ ಬೆಳೆಯುತ್ತಿರಲಿಲ್ಲ. ಅಂದರೆ ರೋಗ ಒಂದೇ, ಕಾಗದವಾಗಲಿ ಕಂಪ್ಯೂಟರಾಗಲಿ. ಕಂಪ್ಯೂಟರಿನ ವ್ಯವಸ್ಥೆಗೆ ಒಂದು ಅನುಕೂಲವೂ ಇದೆ: ಅದು ಪ್ರತಿ ಹೆಜ್ಜೆಯನ್ನೂ ಬರೆದಿಡಬಲ್ಲದು, ಎರಡನೇ ಕಣ್ಣು ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಕೂತು ಆ ಬರಹವನ್ನು ಅದೇ ನಿಮಿಷ ಓದಬಲ್ಲದು. ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕರಿಗೆ ಈ ಸೌಲಭ್ಯ ಹಿಂದೆ ಇರಲಿಲ್ಲ.

ಒಟ್ಟಾಗಿ ಮಾಡಿಕೊಳ್ಳುವುದು ನಮ್ಮ ನಾಡಿಗೆ ಯಾರೂ ಹೊರಗಿನಿಂದ ಕಲಿಸಬೇಕಾದ ವಿದ್ಯೆಯಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಪತ್ತಿನ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದಾಯಿತು. ಒಬ್ಬ ರೈತನಿಗೆ ಹುಟ್ಟದ ಸಾಲ ಹತ್ತು ರೈತರ ಜಾಮೀನಿಗೆ ಹುಟ್ಟುತ್ತದೆ ಎಂಬುದು ಅದರ ತಿರುಳು. ಅದೇ ತಿರುಳನ್ನು ಭದ್ರತೆಗೂ ತರಬಹುದು. ದಾವಣಗೆರೆ ಜಿಲ್ಲೆಯ ಡಿಸಿಸಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳು, ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಮಾರಾಟ ಸಂಘಗಳು, ಹಾಲು ಒಕ್ಕೂಟ, ಇವೆಲ್ಲ ತಮ್ಮ ವಹಿವಾಟಿಗೆ ತಕ್ಕ ವಂತಿಗೆ ಹಾಕಿ ಒಂದು ಜಿಲ್ಲಾ ಕಾವಲು ಕೇಂದ್ರ ನಡೆಸಲಿ. ಮೂರು ಪಾಳಿಯಲ್ಲಿ ಕೆಲವೇ ಮಂದಿ ತರಬೇತಾದ ಯುವಕ ಯುವತಿಯರು ಅಲ್ಲಿ ಕೂತು ಎಲ್ಲ ಸದಸ್ಯ ಸಂಸ್ಥೆಗಳ ಲಾಗ್‌ಗಳನ್ನು, ಕ್ಯಾಮೆರಾ ಮತ್ತು ಅಲಾರಂಗಳ ಸಂಕೇತಗಳನ್ನು ಗಮನಿಸಲಿ. ಕ್ಯಾಮೆರಾ ನಿಂತಿತೆಂದರೆ ಅದೇ ಒಂದು ಸುದ್ದಿ. ಎರಡನೇ ಶನಿವಾರ ರಾತ್ರಿಯೂ ಆ ಸುದ್ದಿ ಹತ್ತಿರದ ಠಾಣೆಗೆ ನಿಮಿಷಗಳಲ್ಲಿ ಮುಟ್ಟಬೇಕು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿವರ್ಷ ಓದಿ ಹೊರಬರುವ ಮಕ್ಕಳಿಗೆ ಇದು ಊರಲ್ಲೇ ಸಿಗುವ ಗೌರವದ ಕೆಲಸವೂ ಆಗುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಸೈಬರ್ ಭದ್ರತಾ ನೀತಿ ತಂದಿದೆ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ತಂತ್ರಜ್ಞಾನದ ಆಸರೆ ಕೊಡಲೆಂದು ರಾಷ್ಟ್ರಮಟ್ಟದ ಮಾತೃಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಶುರುವಾಗಿದೆ. ಮೇಲಿನಿಂದ ನೀತಿ ಬಂದಿದೆ, ಕೆಳಗೆ ಅದನ್ನು ಹಿಡಿದು ನಿಲ್ಲಿಸುವ ಕೈ ಬೇಕಾಗಿದೆ.

ಆ ಕೈ ಸದಸ್ಯರದ್ದೇ. ಸಹಕಾರ ಸಂಸ್ಥೆಯ ಒಡೆಯರು ಅವರೇ, ನಷ್ಟವಾದರೆ ಹೋಗುವುದೂ ಅವರ ಹಣವೇ. ಸೆಪ್ಟೆಂಬರ್‌ನಲ್ಲಿ ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಬಗ್ಗೆ ಕೇಳುವಷ್ಟೇ ಹಕ್ಕಿನಿಂದ ಅವರು ಆಡಳಿತ ಮಂಡಳಿಯನ್ನು ಕೇಳಬೇಕು. ನಮ್ಮ ಸಂಘದ ಲಾಗ್ ಮತ್ತು ಕ್ಯಾಮೆರಾ ದಾಖಲೆಯ ಎರಡನೇ ಪ್ರತಿ ಎಲ್ಲಿದೆ? ಎರಡನೇ ಶನಿವಾರ ರಾತ್ರಿ ಅದನ್ನು ನೋಡುವವರು ಯಾರು? ಹೊರಹೋದ ಹಣದ ಪಟ್ಟಿಯನ್ನು ಅಂದೇ ಸಂಜೆ ತಾಳೆ ನೋಡಿ ಸಹಿ ಹಾಕುವವರು ಯಾರು? ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಎಬ್ಬಿಸಿ ನೋಡಿದ್ದು ಕೊನೆಯ ಬಾರಿ ಯಾವಾಗ? ಈ ನಾಲ್ಕು ಪ್ರಶ್ನೆಗಳಿಗೆ ಹೆಸರು ಮತ್ತು ತಾರೀಖಿನ ಸಮೇತ ಉತ್ತರ ಬಂದು ನಡಾವಳಿ ಪುಸ್ತಕದಲ್ಲಿ ದಾಖಲಾದರೆ, ಆ ಸಂಘ ಭದ್ರತೆಯ ಕೆಲಸವನ್ನು ನಿಜವಾಗಿ ಶುರುಮಾಡಿದೆ ಎಂದರ್ಥ. ಉತ್ತರ ಬಾರದಿದ್ದರೆ ಆ ಸಭೆಯಲ್ಲೇ ಠರಾವು ಆಗಲಿ, ಹಣ ಮಂಜೂರಾಗಲಿ, ಹೊಣೆ ಒಬ್ಬರ ಹೆಸರಿಗೆ ಬೀಳಲಿ.